ತಿಳೀತಾ? ‘ತಿಳಿ’ ಎಂಬ ಕ್ರಿಯಾಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಗಲು ಹೊತ್ತು ಮೈಸೂರಿನ ಒಂದು ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುತ್ತೇನೆ. ಸಂಜೆ ಹೊರ ರಾಜ್ಯಗಳಿಂದ ಬಂದವರಿಗೆ ಮನೆ ಜಗಲಿಯಲ್ಲಿ ಮಾತಾಡುವ ಕನ್ನಡ ಹೇಳಿಕೊಡುತ್ತೇನೆ. ಎರಡೂ ಕಡೆ ಜಾಸ್ತಿ ಕಾಡುವ ಪದ ಒಂದೇ: ತಿಳಿ. ಪಾಠದಲ್ಲಿ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಮದುವೆಮನೆ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗ ಕೇಳಿದ್ದು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

ಪದದ ಬೆನ್ನು ಹತ್ತುವ ಚಾಳಿ ನಮ್ಮ ಕಡೆ ಹೊಸದೇನಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1913ರಲ್ಲಿ ಹುಟ್ಟಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ಓದುಗರ ಇಂಥ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು. ನಾನು ಅವರ ಕಾಲ ಧೂಳಿಗೂ ಸಮ ಅಲ್ಲ. ಆದರೂ ಕೇಳಿದವರಿಗೆ ಏನಾದರೂ ಹೇಳಬೇಕಲ್ಲ.

## ಮೊದಮೊದಲ ಪ್ರಶ್ನೆಗಳು

‘ತಿಳಿ’ಗೆ ಒಟ್ಟು ಎಷ್ಟು ಅರ್ಥ ಸಾರ್? ಒಂದೇ ಸಾಲಲ್ಲಿ ಹೇಳಿ.

ಎರಡು. ಒಂದು, ಕದಡಿದ್ದು ನಿಂತು ಸ್ವಚ್ಛ ಆಗುವುದು. ಇನ್ನೊಂದು, ವಿಷಯ ಗೊತ್ತಾಗುವುದು. 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲೂ ಈ ಎರಡೂ ಇವೆ. ಉಳಿದದ್ದೆಲ್ಲ ಇವುಗಳ ಮರಿಗಳು.

ಸಾರಿನ ತಿಳಿಗೂ ತಲೆಗೆ ತಿಳಿಯೋದಕ್ಕೂ ಏನ್ ಸಂಬಂಧ? ಸುಮ್ನೆ ಹೆಸರು ಒಂದೇ ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ಈ ಪದದ ಜೀವ ಇರುವುದೇ ಇಲ್ಲಿ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನನ್ನ ಸೋದರಮಾವನದು ಮಂಡ್ಯದ ಹತ್ತಿರ ಒಂದು ಆಲೆಮನೆ ಇತ್ತು. ಗಾಣದಿಂದ ಬಂದ ಕಬ್ಬಿನ ಹಾಲು ನೋಡಿದರೆ ಕುಡಿಯುವ ಆಸೆಯೇ ಹೋಗಬೇಕು, ಹಾಗಿರುತ್ತದೆ. ಬೂದು ಬಣ್ಣ, ಮಣ್ಣು, ಸಿಪ್ಪೆಯ ಪುಡಿ. ಅದನ್ನು ಕೊಪ್ಪರಿಗೆಗೆ ಸುರಿದು ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುಂಬುತ್ತಾರೆ. ಹಾಲು ಕಾಯುತ್ತಿದ್ದ ಹಾಗೆ ಒಂದು ಚೂರು ಸುಣ್ಣ, ಜೊತೆಗೆ ಬೆಂಡೆ ಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆನೀರು ಬಿಡುತ್ತಾರೆ. ಕಸವೆಲ್ಲ ಆ ಲೋಳೆಗೆ ಅಂಟಿಕೊಂಡು ಕಪ್ಪು ನೊರೆಯಾಗಿ ಮೇಲೆ ಬರುತ್ತದೆ. ಉದ್ದ ಹಿಡಿಯ ಜಾಲರಿಯಲ್ಲಿ ಅದನ್ನು ಬಳಿದು ಬಳಿದು ಹೊರಗೆ ಹಾಕಬೇಕು. ಹತ್ತು ಸಲ, ಇಪ್ಪತ್ತು ಸಲ. ಆಮೇಲೆ ಒಂದು ಗಳಿಗೆ ಬರುತ್ತದೆ, ಕೆಳಗಿನ ಹಾಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮಾವ ಆಗ ಹೇಳುತ್ತಿದ್ದದ್ದು, “ಈಗ ತಿಳಿ ಬಂತು ಕಣ್ಲಾ.”

ಅದೇ ಮಾವ ಲೆಕ್ಕದ ಪುಸ್ತಕದ ಮುಂದೆ ಕೂತು, ಯಾವ ಗಿರಾಕಿ ಎಷ್ಟು ಬಾಕಿ ಎಂದು ತಲೆ ಕೆರೆದುಕೊಂಡು, ಕಡೆಗೆ ಪೆನ್ಸಿಲ್ ಕೆಳಗಿಟ್ಟು “ಈಗ ತಿಳೀತು” ಎನ್ನುತ್ತಿದ್ದರು. ಎರಡಕ್ಕೂ ಒಂದೇ ದನಿ.

ಕನ್ನಡದಲ್ಲಿ ತಿಳಿಯುವುದು ಅಂದರೆ ಏನನ್ನೋ ಹಿಡಿದುಕೊಳ್ಳುವುದು ಅಲ್ಲ. ಕದಡಿದ್ದು ನಿಲ್ಲುವುದು. ಎದುರು ಪದ ನೋಡಿ, ಇನ್ನೂ ಖಾತ್ರಿ ಆಗುತ್ತದೆ. ನೀರೂ ಕದಡುತ್ತದೆ, ಮನಸ್ಸೂ ಕದಡುತ್ತದೆ. ಬಾವಿ ನೀರು ಬಗ್ಗಡ ಆದರೆ ಒಂದು ಚೂರು ಪಟಿಕ ಹಾಕಿ ಕಲಕಿ ಸುಮ್ಮನೆ ಬಿಡುತ್ತೇವೆ. ತಲೆ ಬಗ್ಗಡ ಆದಾಗ “ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊ, ತಿಳಿಯುತ್ತೆ” ಎನ್ನುತ್ತೇವೆ.

“ನಾನು ತಿಳಿಯುತ್ತೇನೆ” ಅಂದ್ರೆ ಆಫೀಸಿನಲ್ಲಿ ಎಲ್ಲರೂ ನಗ್ತಾರೆ. ತಪ್ಪೇನು ಅದರಲ್ಲಿ?

ಮೇಲಿನ ಉತ್ತರ ಓದಿದರೆ ನಗು ಯಾಕೆ ಬಂತು ಗೊತ್ತಾಗುತ್ತದೆ. “ನಾನು ತಿಳಿಯುತ್ತೇನೆ” ಅಂದರೆ ನೀವೇ ಪಾತ್ರೆಯಲ್ಲಿ ಕೂತು ನಿಧಾನವಾಗಿ ಸ್ವಚ್ಛ ಆಗುತ್ತಿದ್ದೀರಿ ಅಂತ ಕೇಳಿಸುತ್ತದೆ.

ತಿಳಿಯುವುದು ವಿಷಯ, ನೀವಲ್ಲ. ಅದು ನಿಮಗೆ ತಿಳಿಯುತ್ತದೆ. ಹಾಗಾಗಿ “ನನಗೆ ತಿಳಿಯಿತು”, “ನಿಮಗೆ ತಿಳಿಯುತ್ತದೆ”, “ಅವರಿಗೆ ತಿಳಿದಿದೆ”. ಹಸಿವು, ನಿದ್ದೆ, ಚಳಿ, ಬೇಜಾರು ಎಲ್ಲವೂ ‘ನನಗೆ’ ಆಗುವ ಹಾಗೆ ಇದೂ ಆಗುತ್ತದೆ. ಹಿಂದಿ ಮಾತಾಡುವವರಿಗೆ ನಾನು ಹೇಳುವುದು ಇಷ್ಟೇ: ನೀವು ‘ಮುಝೆ ಪತಾ ಹೈ’ ಅನ್ನುತ್ತೀರಲ್ಲ, ಆ ‘ಮುಝೆ’ಯನ್ನೇ ಇಲ್ಲಿಗೆ ತನ್ನಿ.

ಒಂದು ವಿನಾಯಿತಿ ಇದೆ. ‘ತಿಳಿದ’ ಎಂಬ ರೂಪಕ್ಕೆ ‘ನಾನು’ ಹೊಂದುತ್ತದೆ. “ನಾನು ತಿಳಿದ ಮಟ್ಟಿಗೆ”, “ಅವರು ಎಲ್ಲ ತಿಳಿದವರು”. ಇವು ಬರಹದಲ್ಲೂ ಮಾತಿನಲ್ಲೂ ಸರಿ.

‘ತಿಳೀತು’, ‘ಗೊತ್ತಾಯ್ತು’, ‘ಅರ್ಥ ಆಯ್ತು’. ಮೂರರಲ್ಲಿ ಯಾವುದು ಹೇಳಿದ್ರೂ ನಡೆಯುತ್ತಾ?

ನಡೆಯುತ್ತದೆ, ಆದರೆ ಮೂರೂ ಒಂದೇ ಅಲ್ಲ. ಪಕ್ಕದ ಮನೆಯವರು ಮನೆ ಮಾರಿದರು ಎಂಬ ಸುದ್ದಿ ‘ಗೊತ್ತಾಗುತ್ತದೆ’. ಯಾಕೆ ಮಾರಿದರು ಎಂಬುದು ‘ಅರ್ಥ ಆಗುತ್ತದೆ’. ‘ತಿಳಿಯುವುದು’ ಎರಡಕ್ಕೂ ಬರುತ್ತದೆ, ಆದರೆ ಸ್ವಲ್ಪ ಬರಹದ ವಾಸನೆ ಇರುತ್ತದೆ. ಮೈಸೂರಿನ ಸಂತೆಯಲ್ಲಿ ಸೌತೆಕಾಯಿ ಬೆಲೆ ಕೇಳಿ “ತಿಳಿಯಿತು” ಎಂದರೆ ಮಾರುವಾಕೆ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾಳೆ.

‘ಗೊತ್ತು’ ಕ್ರಿಯಾಪದ ತಾನೇ? ಹಾಗಾದ್ರೆ ‘ಗೊತ್ತುತ್ತೇನೆ’ ಯಾಕಿಲ್ಲ?

ಕ್ರಿಯಾಪದ ಅಲ್ಲ, ಅದಕ್ಕೇ ಇಲ್ಲ. ಅದು ನಾಮಪದ. ಮೂಲದಲ್ಲಿ ‘ನಿಗದಿಯಾದದ್ದು’ ಎಂಬ ಅರ್ಥ. ಈಗಲೂ “ಹುಡುಗಿಗೆ ಮದುವೆ ಗೊತ್ತಾಗಿದೆ” ಎಂದರೆ ಮದುವೆ ನಿಶ್ಚಯ ಆಗಿದೆ ಅಂತಲೇ ಹೊರತು, ಮದುವೆಯ ಸುದ್ದಿ ಅವಳಿಗೆ ಈಗ ಮುಟ್ಟಿತು ಅಂತಲ್ಲ. ದಿನ ಗೊತ್ತು ಮಾಡುತ್ತೇವೆ. ಸಭೆಯಲ್ಲಿ ಗೊತ್ತುವಳಿ ಮಂಡಿಸುತ್ತೇವೆ. ಗೊತ್ತುಗುರಿ ಇಲ್ಲದೆ ಅಲೆಯುವವರನ್ನು ಬೈಯುತ್ತೇವೆ. ತಲೆಯಲ್ಲಿ ನಿಗದಿಯಾಗಿ ಕೂತದ್ದು ನನಗೆ ‘ಗೊತ್ತು’. ಕಾಲ ಸೂಚಿಸಬೇಕಾದರೆ ‘ಇರು’ ಅಥವಾ ‘ಆಗು’ ಸೇರಿಸಬೇಕು: ಗೊತ್ತಿತ್ತು, ಗೊತ್ತಿದೆ, ಗೊತ್ತಾಗುತ್ತದೆ.

ಮನುಷ್ಯರ ಬಗ್ಗೆ “ಅವರು ನನಗೆ ತಿಳಿದಿದೆ” ಅನ್ನಬಹುದಾ?

ಬೇಡ. “ಅವರು ನನಗೆ ಗೊತ್ತು” ಅನ್ನಿ, ಅಥವಾ “ಅವರ ಪರಿಚಯ ಇದೆ”. “ನಮಗೆ ತಿಳಿದವರೊಬ್ಬರು ಇದ್ದಾರೆ” ಅಂದರೆ ಸರಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಕೆಲಸ ಆಗಬೇಕಾದಾಗ ನೆನಪಾಗುವವರು. ಈಜು, ಅಡುಗೆ, ಭಾಷೆಗೆ ‘ತಿಳಿ’ ಬೇಡವೇ ಬೇಡ. ಅವು ‘ಬರುತ್ತವೆ’. ನನಗೆ ಕನ್ನಡ ಬರುತ್ತೆ, ತೆಲುಗು ಬರಲ್ಲ.

## ದಿನನಿತ್ಯದ ಮಾತಿನಲ್ಲಿ

“ತಪ್ಪು ತಿಳ್ಕೋಬೇಡಿ” ಅಂತ ಶುರು ಮಾಡಿದವರೆಲ್ಲ ಆಮೇಲೆ ಬೇಜಾರಾಗೋ ಮಾತೇ ಆಡ್ತಾರೆ. ಇಲ್ಲಿ ‘ತಿಳ್ಕೋ’ ಅಂದ್ರೆ ಏನು?

ನಿಮ್ಮ ಅನುಭವ ನನ್ನದೂ ಹೌದು.

‘ತಿಳಿದುಕೊಳ್ಳು’ಗೆ ಎರಡು ಮುಖ. ಒಂದು, ಪ್ರಯತ್ನ ಪಟ್ಟು ತಿಳಿಯುವುದು: “ರೈಲು ಎಷ್ಟು ಹೊತ್ತಿಗೆ ಅಂತ ತಿಳ್ಕೊಂಡು ಬಾ.” ಇನ್ನೊಂದು, ಮನಸ್ಸಿನಲ್ಲೇ ಅಂದುಕೊಂಡುಬಿಡುವುದು: “ನೀವು ಬರಲ್ಲ ಅಂತ ತಿಳ್ಕೊಂಡಿದ್ದೆ.” ಮೊದಲನೆಯದರಲ್ಲಿ ನಿಜ ಸಿಗುತ್ತದೆ. ಎರಡನೆಯದರಲ್ಲಿ ನಿಜಕ್ಕೂ ನಾವು ಅಂದುಕೊಂಡದ್ದಕ್ಕೂ ಸಂಬಂಧವೇ ಇಲ್ಲದಿರಬಹುದು.

ಗುರುತು ಹಿಡಿಯುವುದು ಸುಲಭ. ಮಾತು ಮುಗಿದ ಮೇಲೆ ಮನಸ್ಸಿನಲ್ಲೇ “ಆದರೆ” ಎಂದು ಸೇರಿಸಿ ನೋಡಿ. “ನೀವು ಬರಲ್ಲ ಅಂತ ತಿಳ್ಕೊಂಡಿದ್ದೆ, ಆದರೆ ಬಂದುಬಿಟ್ರಿ.” ಹೊಂದಿತು. “ರೈಲಿನ ಹೊತ್ತು ತಿಳ್ಕೊಂಡೆ, ಆದರೆ...” ಅಂದರೆ ಏನೂ ಮುಂದಕ್ಕೆ ಹೋಗುವುದಿಲ್ಲ. ‘ತಪ್ಪು ತಿಳ್ಕೋಬೇಡಿ’ ಎರಡನೇ ಗುಂಪಿನದು. ನಾನು ಈಗ ಕಲ್ಲು ಎಸೆಯುತ್ತೇನೆ, ನೀವು ಕದಡಬೇಡಿ ಅನ್ನುವ ವಿನಂತಿ.

ಕೊಳ್ಳು ಎಂಬ ಬಾಲ ಬಂದ ತಕ್ಷಣ ಕೆಲಸ ನಿಮ್ಮದಾಗುತ್ತದೆ. ಹಾಗಾಗಿ ಇಲ್ಲಿ ‘ನಾನು’ ಬರುತ್ತದೆ, ‘ನನಗೆ’ ಅಲ್ಲ. ನನಗೆ ತಿಳಿಯಿತು, ನಾನು ತಿಳಿದುಕೊಂಡೆ. ಪಾಠದ ಮೂರನೇ ವಾರ ನಾನು ಹೇಳಿಕೊಡುವ ವ್ಯತ್ಯಾಸ ಇದು. ಇದು ಕೂತರೆ ಅರ್ಧ ಕನ್ನಡ ಕೂತ ಹಾಗೆ.

“ಏನಂತ ತಿಳ್ಕೊಂಡಿದ್ದೀಯಾ ನನ್ನ?” ಇದು ನಿಜವಾದ ಪ್ರಶ್ನೆನಾ?

ಅಲ್ಲ. ಉತ್ತರ ಕೊಡಲು ಹೋಗಬೇಡಿ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಒಬ್ಬ ವಿದ್ಯಾರ್ಥಿ ಇದಕ್ಕೆ ವಿನಯವಾಗಿ “ತಾವು ಕಂಡಕ್ಟರ್ ಅಂತ ತಿಳಿದುಕೊಂಡಿದ್ದೇನೆ” ಎಂದು ಪೂರ್ತಿ ವಾಕ್ಯದಲ್ಲಿ ಉತ್ತರಿಸಿ, ಜಗಳ ದೊಡ್ಡದಾಗಿತ್ತು.

ಇಂಜೆಕ್ಷನ್ ಕೊಟ್ಟಾಗ ನಮ್ಮಜ್ಜಿ “ತಿಳೀಲೇ ಇಲ್ಲ ಕಣಮ್ಮ” ಅಂದ್ರು. ಅರ್ಥ ಆಗ್ಲಿಲ್ಲ ಅಂತಾನಾ?

ನೋವು ಗೊತ್ತಾಗಲಿಲ್ಲ ಅಂತ. ‘ತಿಳಿ’ ತಲೆಗಷ್ಟೇ ಸೇರಿದ್ದಲ್ಲ, ಮೈಗೂ ಸೇರಿದ್ದು. ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹೊಸ ಚಪ್ಪಲಿ ಹಾಕಿ ಚಾಮುಂಡಿ ಬೆಟ್ಟ ಹತ್ತುವಾಗ ಕಾಲು ಕಚ್ಚಿದ್ದು ತಿಳಿಯುವುದಿಲ್ಲ, ಇಳಿದ ಮೇಲೆ ತಿಳಿಯುತ್ತದೆ. ಈಗಿನವರು ಇದೇ ಜಾಗದಲ್ಲಿ ‘ಗೊತ್ತಾಗಲಿಲ್ಲ’ ಎನ್ನುತ್ತಾರೆ. “ಸಾರಿಗೆ ಉಪ್ಪು ಗೊತ್ತಾಗ್ತಿಲ್ಲ” ಎನ್ನುತ್ತಾರಲ್ಲ, ಹಾಗೆ. ನಾಲಿಗೆಗೆ ತಾಕಿದ್ದಕ್ಕೂ ತಲೆಗೆ ತಾಕಿದ್ದಕ್ಕೂ ನಾವು ಒಂದೇ ಪದ ಇಟ್ಟುಕೊಂಡಿದ್ದೇವೆ. ಅಜ್ಜಿಯ ಕನ್ನಡ ಅಪ್ಪಟ.

ಧಾರವಾಡದ ಬೀಗರು ಮಾತುಮಾತಿಗೂ “ತಿಳೀತೇನ್ರಿ?” ಅಂತಾರೆ. ನಮ್ಮನೇಲಿ ಅಮ್ಮನಿಗೆ ಗದರಿಸಿದ ಹಾಗೆ ಅನಿಸುತ್ತೆ.

ತಪ್ಪು ಯಾರದೂ ಅಲ್ಲ, ಊರಿನದು. ಆ ಕಡೆ ‘ತಿಳೀತೇನ್ರಿ’ ಅಂದರೆ ನಮ್ಮ ‘ಗೊತ್ತಾಯ್ತಾ’ ಅಷ್ಟೇ, ಸೌಮ್ಯವಾದ ಮಾತು. ಗೊತ್ತಾಗದಿದ್ದರೆ ‘ತಿಳೀವಲ್ದು’ ಎನ್ನುತ್ತಾರೆ. ನಮ್ಮ ಮೈಸೂರು ಕಡೆ ದಿನದ ಮಾತಿಗೆ ‘ಗೊತ್ತಾಯ್ತು’ ಬಂದು, ‘ತಿಳೀತಾ?’ ಎಂಬುದು ಬೈದು ಮುಗಿಸಿದ ಮೇಲೆ ಹಾಕುವ ಮುದ್ರೆಯಾಗಿ ಉಳಿಯಿತು. “ಇನ್ಮೇಲೆ ಲೇಟಾಗಿ ಬಂದ್ರೆ ನೋಡು, ತಿಳೀತಾ?” ಅಮ್ಮನ ಕಿವಿಗೆ ಕೇಳಿಸಿದ್ದು ಆ ಮುದ್ರೆ.

ಮಂಡ್ಯ ಹಳ್ಳಿ ಮಾತಿನಲ್ಲಿ “ಗೊತ್ತಾಗಾಕಿಲ್ಲ ಕಣಣ್ಣ” ಎಂಬುದೇ ಜಾಸ್ತಿ. ಮದುವೆಗೆ ಮುಂಚೆ ಬೀಗರಿಬ್ಬರೂ ಇದನ್ನು ಹಂಚಿಕೊಂಡರೆ ಒಳ್ಳೆಯದು.

ದೊಡ್ಡವರಿಗೆ ವಿಷಯ ಹೇಳಿ ಆದ್ಮೇಲೆ “ಅರ್ಥ ಆಯ್ತಾ?” ಅನ್ನಬಹುದಾ?

ಕೇಳದಿರುವುದು ಲೇಸು. ಮೇಷ್ಟ್ರು ಹುಡುಗರಿಗೆ ಕೇಳುವ ಮಾತು ಅದು. ಭಾರವನ್ನು ನಿಮ್ಮ ಮೇಲೆ ಎಳೆದುಕೊಳ್ಳಿ: “ನಾನು ಸರಿಯಾಗಿ ಹೇಳಿದ್ನಾ ಮಾವ?” ಇನ್ನೂ ಬೇಕಿದ್ದರೆ “ನಿಮಗೆ ತಿಳಿಯದ್ದೇನಲ್ಲ” ಎಂದು ಶುರು ಮಾಡಿ. ಅವರಿಗೆ ಪೂರ್ತಿ ತಿಳಿಯದ ವಿಷಯ ಆದರೂ ಸರಿ, ಮುಖ ಅರಳುತ್ತದೆ.

ತಿಳಿಯಲಿಲ್ಲ, ತಿಳಿದಿಲ್ಲ, ತಿಳಿಯುವುದಿಲ್ಲ, ತಿಳಿಯದು. ತಲೆ ಕೆಟ್ಟೋಯ್ತು. ಯಾವಾಗ ಯಾವುದು?

ಒಂದೇ ಸನ್ನಿವೇಶ ಇಟ್ಟುಕೊಳ್ಳೋಣ. ಕೆಆರ್‌ಎಸ್ ಅಣೆಕಟ್ಟೆಯಿಂದ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಅಂತ ಊರಿನವರು ಮಾತಾಡುತ್ತಿದ್ದಾರೆ. ನೆನ್ನೆಯ ಸಭೆಗೆ ಹೋಗಿ ಬಂದವನು “ಅವರು ಹೇಳಿದ್ದು ತಿಳಿಯಲಿಲ್ಲ” ಅಂದರೆ ಆ ಹೊತ್ತಿನಲ್ಲಿ ತಲೆಗೆ ಹೋಗಲಿಲ್ಲ. “ಯಾವ ದಿನ ಬಿಡ್ತಾರೋ ಇನ್ನೂ ತಿಳಿದಿಲ್ಲ” ಅಂದರೆ ಇಷ್ಟು ಹೊತ್ತಿನವರೆಗೂ ಸುದ್ದಿ ಇಲ್ಲ, ಮುಂದೆ ಬರಬಹುದು. “ಇದೆಲ್ಲ ನಿನಗೆ ತಿಳಿಯುವುದಿಲ್ಲ ಸುಮ್ನಿರು” ಅಂದರೆ ನಿನ್ನ ಕೈಲಾಗದು. “ಮಳೆಯ ಗುಟ್ಟು ಯಾರಿಗೂ ತಿಳಿಯದು” ಎಂಬುದು ಕಾಲಕ್ಕೆ ಸಿಕ್ಕದ ಮಾತು, ಬರಹದಲ್ಲೇ ಜಾಸ್ತಿ.

ಕರಡಿನಲ್ಲಿ ನಾನು ಪದೇ ಪದೇ ತಿದ್ದುವುದು ಒಂದನ್ನು: ‘ಕಾರಣ ತಿಳಿಯಲಿಲ್ಲ’. ತನಿಖೆ ಇನ್ನೂ ನಡೆಯುತ್ತಿದ್ದರೆ ‘ಕಾರಣ ತಿಳಿದುಬಂದಿಲ್ಲ’ ಎಂದಾಗಬೇಕು.

ಅರ್ಜಿಯಲ್ಲಿ “ತಮಗೆ ತಿಳಿಯಪಡಿಸುವುದೇನೆಂದರೆ” ಅಂತ ಬರೀಲೇಬೇಕಾ?

ಬೇಕಿಲ್ಲ. “ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ” ಎಂದು ಶುರು ಮಾಡಿದರೂ ಅರ್ಜಿ ಅದೇ ಮೇಜಿನ ಮೇಲೆ ಅಷ್ಟೇ ದಿನ ಕೂರುತ್ತದೆ. ‘ತಿಳಿಸು’ ಇರುವಾಗ ‘ತಿಳಿಯಪಡಿಸು’ ಯಾಕೆ? ಕಚೇರಿ ಕನ್ನಡಕ್ಕೆ ಉದ್ದದ ಮೇಲೆ ಪ್ರೀತಿ.

ಮನೆಯ ಪತ್ರಗಳಲ್ಲಿ ‘ತಿಳಿಸು’ ಎಷ್ಟು ಚೆನ್ನಾಗಿ ಕೂರುತ್ತಿತ್ತು! ನನ್ನಕ್ಕ ಮದ್ದೂರಿನಿಂದ ಬರೆಯುತ್ತಿದ್ದ ಕಾರ್ಡುಗಳ ಕಡೇ ಸಾಲು ಯಾವಾಗಲೂ ಒಂದೇ: “ಅಮ್ಮನ ಕಾಲುನೋವು ಹೇಗಿದೆ ತಿಳಿಸು.” ಜಾಗ ಸಾಲದೆ ಆ ‘ತಿಳಿಸು’ ಕಾರ್ಡಿನ ಅಂಚಿನಲ್ಲಿ ಅಡ್ಡಡ್ಡ ಹತ್ತಿರುತ್ತಿತ್ತು.

‘ತಿಳಿಹೇಳು’ ಅಂದ್ರೂ ‘ಬುದ್ಧಿ ಹೇಳು’ ಅಂದ್ರೂ ಒಂದೇ ಅಲ್ವಾ?

ಬುದ್ಧಿ ಹೇಳುವವರು ಮೇಲೆ ಕೂತಿರುತ್ತಾರೆ. ತಿಳಿಹೇಳುವವರು ಪಕ್ಕದಲ್ಲಿ ಕೂತಿರುತ್ತಾರೆ. ಗಂಡ ಹೆಂಡತಿ ಮುನಿಸಿಕೊಂಡಾಗ “ನೀವಾದ್ರೂ ಸ್ವಲ್ಪ ತಿಳಿಹೇಳಿ” ಎಂದು ಕರೆಯುವುದು ಅದಕ್ಕೇ.

ತಿಳಿಸಾರು ಅಂದ್ರೆ ತೆಳ್ಳಗಿರೋ ಸಾರು ತಾನೇ?

ಬಾಯಿಗೆ ಹಾಗೆ ಅನಿಸುತ್ತದೆ, ಆದರೆ ‘ತೆಳು’ ಬೇರೆ ಪದ, ‘ತಿಳಿ’ ಬೇರೆ ಪದ. ಗಟ್ಟಿ ಸಾರಿಗೆ ಎರಡು ಲೋಟ ನೀರು ಸುರಿದರೆ ತೆಳ್ಳಗಾಗುತ್ತದೆ, ತಿಳಿ ಆಗುವುದಿಲ್ಲ. ತಿಳಿಸಾರಿಗೆ ಕುದಿ ಬಂದ ಮೇಲೆ ಒಲೆ ಆರಿಸಿ ಬಿಡಬೇಕು. ಬೇಳೆ, ಪುಡಿ ತಳಕ್ಕೆ ಕೂರುತ್ತವೆ. ಸೌಟು ತಳ ಮುಟ್ಟದ ಹಾಗೆ ಮೇಲಿನದನ್ನು ಬಗ್ಗಿಸಿಕೊಳ್ಳಬೇಕು. ನಮ್ಮನೆಯಲ್ಲಿ ಯಾರಾದರೂ ಸೌಟು ಆಡಿಸಿದರೆ ಅಮ್ಮ ಕೈ ಮೇಲೆ ಹೊಡೆಯುತ್ತಿದ್ದರು. ಬಸ್ಸಾರಿಗೂ ಇದಕ್ಕೂ ಗೊಂದಲ ಬೇಡ. ಅದು ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನದು, ಮುದ್ದೆಯ ಜೊತೆಗಾರ.

ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿ ಹಾಲಿನ ಬಣ್ಣಕ್ಕೆ ತಿರುಗಿಸಿದ್ದು ನೆನಪಿದೆಯಾ? ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಮಾಡುವ ಕೆಲಸ ಅದು. ಆ ತಿಳಿನೀರನ್ನು ಮಾಡುವುದೂ ಸಾರಿನ ಹಾಗೆಯೇ. ಕದಡಿ, ಬಿಟ್ಟು, ಮೇಲಿನದನ್ನು ಬಗ್ಗಿಸಿಕೊಳ್ಳುವುದು.

ತಿಳಿನೀಲಿ, ತಿಳಿಹಾಸ್ಯ, ತಿಳಿಗನ್ನಡ? ಇವುಗಳಲ್ಲಿ ಏನು ತಿಳಿಯುತ್ತೆ?

ಏನೂ ತಿಳಿಯುವುದಿಲ್ಲ. ಇಲ್ಲಿ ‘ತಿಳಿ’ ಗುಣ. ಬಣ್ಣದಲ್ಲಿ ಗಾಢ ಅಲ್ಲದ್ದು, ಹಾಸ್ಯದಲ್ಲಿ ಚುಚ್ಚದ್ದು, ಕನ್ನಡದಲ್ಲಿ ಸರಳವಾದದ್ದು.

ಪೇಪರಿನಲ್ಲಿ “ಪರಿಸ್ಥಿತಿ ತಿಳಿಯಾಗಿದೆ” ಅಂತ ಬರೀತಾರೆ. “ತಿಳಿದಿದೆ” ಅಂತ ಆಗಬೇಕಿತ್ತಾ?

ಪೇಪರಿನವರು ಸರಿ. ತಿಳಿ ಆಗುವುದು ಬೇರೆ, ತಿಳಿಯುವುದು ಬೇರೆ. ಊರಿನಲ್ಲಿ ಗಲಾಟೆ ಆಗಿ ಪೊಲೀಸರು ಬಂದು ಅಂಗಡಿಗಳು ಮತ್ತೆ ತೆರೆದರೆ ಪರಿಸ್ಥಿತಿ ತಿಳಿಯಾಗಿದೆ. ಆಷಾಢದಲ್ಲಿ ಶ್ರೀರಂಗಪಟ್ಟಣದ ಸ್ನಾನಘಟ್ಟದ ಹತ್ತಿರ ನಿಂತರೆ ಕಾವೇರಿಯ ಹೊಸನೀರು ಟೀ ಬಣ್ಣದಲ್ಲಿ ಹೋಗುವುದು ಕಾಣುತ್ತದೆ. ಮಳೆ ನಿಂತು ವಾರಗಳಾದ ಮೇಲೆ ಅದೇ ಹೊಳೆ ತಿಳಿಯಾಗುತ್ತದೆ. ಗಲಾಟೆಯ ವರದಿ ಬರೆದವರ ಕಣ್ಣ ಮುಂದೆ ಇದ್ದದ್ದು ಅಂಥದ್ದೇ ಹೊಳೆ.

## ಇನ್ನೂ ಒಳಕ್ಕೆ

ತಿಳುವಳಿಕೆನಾ, ತಿಳಿವಳಿಕೆನಾ? ಮಗಳ ಪ್ರಬಂಧದಲ್ಲಿ ಟೀಚರ್ ತಪ್ಪು ಹಾಕಿದ್ದಾರೆ.

ಎರಡೂ ಅಚ್ಚಾಗುತ್ತವೆ. ‘ತಿಳಿ’ಯಿಂದ ನೇರವಾಗಿ ಬಂದದ್ದು ‘ತಿಳಿವಳಿಕೆ’. ಬಾಯಲ್ಲಿ ಹೊರಳಿ ‘ತಿಳುವಳಿಕೆ’ ಆಯಿತು, ಈಗ ಅದೇ ಹೆಚ್ಚು ಕಾಣುತ್ತದೆ. ನಾನು ಕರಡಿನಲ್ಲಿ ಎರಡನ್ನೂ ಬಿಡುತ್ತೇನೆ, ಒಂದೇ ಪುಸ್ತಕದಲ್ಲಿ ಎರಡೂ ಇರಕೂಡದು ಅಷ್ಟೇ. ಮಗಳಿಗೆ ಅಂಕ ವಾಪಸ್ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಆಸ್ಪತ್ರೆ ಬೋರ್ಡಿನಲ್ಲಿ ‘ಅರಿವಳಿಕೆ ತಜ್ಞರು’ ಅಂತಿದೆ. ಅರಿವು ಮೂಡಿಸೋ ಡಾಕ್ಟ್ರಾ?

ತಿರುಗಾಮುರುಗಾ. ಆಪರೇಷನ್‌ಗೆ ಮುಂಚೆ ಎಚ್ಚರ ತಪ್ಪಿಸುವವರು. ಇದು ನನಗೆ ಬಹಳ ಇಷ್ಟವಾದ ಜೋಡಿ. ‘ತಿಳಿವಳಿಕೆ’ಯಲ್ಲಿ ಇರುವುದು ನಡವಳಿಕೆಯಲ್ಲಿ ಬರುವ ಬಾಲ. ‘ಅರಿವಳಿಕೆ’ಯಲ್ಲಿ ಇರುವುದು ಅರಿವು ಮತ್ತು ಅಳಿಕೆ, ಅಂದರೆ ಅರಿವು ಅಳಿಯುವುದು. ನೋಡಲು ಅವಳಿ ಜವಳಿ, ಅರ್ಥದಲ್ಲಿ ಹಾವು ಮುಂಗುಸಿ.

ಯಾರು ಕಟ್ಟಿದ ಪದವೋ, ಕಿವಿ ಚುರುಕಿದ್ದವರು. ‘ಅರಿವು’ ಅಂದರೆ ಜ್ಞಾನ ಮಾತ್ರ ಅಲ್ಲ, ಮೈಯ ಎಚ್ಚರವೂ ಹೌದು ಎಂಬುದನ್ನು ಮರೆತಿದ್ದರೆ ಈ ಪದ ಹುಟ್ಟುತ್ತಿರಲಿಲ್ಲ.

ಹಾಗಾದ್ರೆ ‘ಅರಿ’ಗೂ ‘ತಿಳಿ’ಗೂ ವ್ಯತ್ಯಾಸ ಏನು? ಮತ್ತೆ ‘ಅರಿ’ ಅಂದ್ರೆ ಕತ್ತರಿಸೋದು ಅಂತಾನೂ ಇದೆಯಲ್ಲ?

ಮೊದಲು ಎರಡನೆಯದು. ಹಳಗನ್ನಡದಲ್ಲಿ ಇವು ಬೇರೆ ಬೇರೆ ಅಕ್ಷರದ ಪದಗಳು. ತಿಳಿಯುವ ‘ಅಱಿ’ಗೆ ಒರಟು ‘ಱ’, ಅದನ್ನು ಶಕಟರೇಫ ಎನ್ನುತ್ತಾರೆ. ಕತ್ತರಿಸುವ ‘ಅರಿ’ಗೆ ಈಗಿನ ‘ರ’. ಮುಂದೆ ಆ ಒರಟು ಱ ಬಳಕೆಯಿಂದ ಬಿದ್ದುಹೋಯಿತು, ಎರಡೂ ಒಂದೇ ಅಂಗಿ ತೊಟ್ಟವು. ಸಂಸ್ಕೃತದಿಂದ ಬಂದ ‘ಅರಿ’, ಅಂದರೆ ಶತ್ರು, ಮೂರನೆಯವನಾಗಿ ಸೇರಿಕೊಂಡ.

ಇನ್ನು ವ್ಯತ್ಯಾಸ. ತಿಳಿಯುವುದಕ್ಕೆ ಒಂದು ವಿಷಯ ಬೇಕು: ದಾರಿ, ಬೆಲೆ, ಕಾರಣ. ಅರಿವಿಗೆ ಅಂಥ ವಿಷಯ ಬೇಕೇ ಬೇಕು ಅಂತಿಲ್ಲ. ಶರಣರು ‘ಅರಿವೇ ಗುರು’ ಎಂದರು. ಅಲ್ಲಿ ‘ತಿಳುವಳಿಕೆಯೇ ಗುರು’ ಎಂದು ಹಾಕಿ ನೋಡಿ, ಸಪ್ಪೆಯಾಗುತ್ತದೆ. ಆದರೆ ‘ಅರಿ’ ದಿನದ ಮಾತಿನಿಂದ ದೂರ ಹೋಗಿದೆ. ಹಳೇ ಪುಸ್ತಕಗಳ ಮೊದಲ ಪುಟದಲ್ಲಿ ‘ಅರಿಕೆ’ಯಾಗಿ, ಸರ್ಕಾರಿ ಗೋಡೆ ಬರಹದಲ್ಲಿ ‘ಜನಜಾಗೃತಿ ಅರಿವು’ ಆಗಿ ಉಳಿದಿದೆ. ಜಾಗೃತಿ ಅಂದರೂ ಅರಿವೇ ಅಲ್ವಾ, ಎರಡು ಸಲ ಯಾಕೆ ಎಂದು ನಾನೇ ಗೊಣಗುತ್ತಿರುತ್ತೇನೆ.

‘ಬಲ್ಲೆ’ ಎಲ್ಲಿಂದ ಬಂತು? ಅದೂ ಗೊತ್ತು ಅಂತಾನೇ ಅಲ್ವಾ?

ಹೌದು, ಆದರೆ ಅದರಲ್ಲಿ ಕೈಯ ಬಲವೂ ಸೇರಿದೆ. “ಮಾಡಬಲ್ಲೆ” ಅಂದರೆ ಗೊತ್ತು, ಮಾಡಿಯೂ ತೋರಿಸುತ್ತೇನೆ. ಹಿಂದೆ ಆಗಿಹೋದದ್ದಕ್ಕೆ ಅದಕ್ಕೆ ರೂಪವೇ ಇಲ್ಲ. ಇಲ್ಲ ಎನ್ನಲು ‘ಅರಿಯೆ’ಯನ್ನು ಸಾಲ ತರುತ್ತದೆ: ಅದ ಬಲ್ಲೆ, ಇದ ಅರಿಯೆ. “ಬಲ್ಲವನೇ ಬಲ್ಲ ಬೆಲ್ಲದ ಸವಿಯ” ಎಂಬ ಗಾದೆಯಲ್ಲಿ ‘ತಿಳಿ’ ಹಾಕಿದರೆ ಕೆಡುತ್ತದೆ. ಬೆಲ್ಲದ ಸವಿಯನ್ನು ಹೇಳಿ ತಿಳಿಸಲು ಆಗುವುದಿಲ್ಲ. ಕೊಪ್ಪರಿಗೆಯ ಪಾಕ ಬಂತಾ ಅಂತ ಮಾವ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹೊಸಕಿ ನೋಡುತ್ತಿದ್ದರು. ಎಷ್ಟು ಗಟ್ಟಿ ಇರಬೇಕು ಎಂದು ಕೇಳಿದರೆ ನಮ್ಮ ಬೆರಳನ್ನೇ ಹಿಡಿದು ನೀರಿಗೆ ಅದ್ದುತ್ತಿದ್ದರು. ಅದು ಬಲ್ಲದ್ದು.

‘ಕಾಣಿಸಿತು’ ಅಂದ್ರೆ ಕಂಡಿತು. ‘ಕೇಳಿಸಿತು’ ಅಂದ್ರೆ ಕಿವಿಗೆ ಬಿತ್ತು. ‘ತಿಳಿಸಿತು’ ಅಂದ್ರೆ ಯಾಕೆ ತಿಳಿಯಿತು ಅಂತ ಆಗಲ್ಲ?

ಬಹಳ ಒಳ್ಳೆಯ ಪ್ರಶ್ನೆ, ಕೇಳಿದ್ದು ಒಬ್ಬ ಎಂಜಿನಿಯರಿಂಗ್ ಹುಡುಗ. ‘ಕಾಣು’, ‘ಕೇಳು’ ನಾನು ಮಾಡುವ ಕೆಲಸಗಳು. ಅವಕ್ಕೆ ‘ಇಸು’ ಸೇರಿದರೆ ನನ್ನ ಪ್ರಯತ್ನ ಇಲ್ಲದೆ ತಾನಾಗಿ ಆದದ್ದು ಎಂಬ ಅರ್ಥ ಬರುತ್ತದೆ: ಶ್ರೀರಂಗಪಟ್ಟಣ ದಾಟುತ್ತಿದ್ದ ಹಾಗೆ ಬೆಟ್ಟ ಕಾಣಿಸಿತು. ‘ತಿಳಿ’ಯಾದರೋ ಮೊದಲಿಂದಲೇ ತಾನಾಗಿ ಆಗುವುದು. ಅದಕ್ಕೆ ‘ಇಸು’ ಬಂದರೆ ಉಳಿದದ್ದು ಒಂದೇ ದಾರಿ, ಇನ್ನೊಬ್ಬರಿಗೆ ತಿಳಿಯುವ ಹಾಗೆ ಮಾಡುವುದು.

‘ಅನಿಸು’ ಕೂಡ ಇದೇ ಮನೆಯದು. ‘ಅನ್ನು’ಗೆ ‘ಇಸು’ ಸೇರಿದೆ. ನನಗೆ ಹಾಗೆ ಅನಿಸಿತು ಅಂದರೆ, ಒಳಗೆ ಯಾರೋ ಹಾಗೆ ಅಂದ ಹಾಗಾಯಿತು.

ಸುತ್ತಲಿನ ಭಾಷೆಗಳಲ್ಲಿ ಈ ಪದ ಇದೆಯಾ?

ಇದೆ. ತಮಿಳು ಮತ್ತು ಮಲಯಾಳದಲ್ಲಿ ‘ತೆಳಿ’, ಅಲ್ಲೂ ಸ್ವಚ್ಛ ಆಗುವುದು, ಸ್ಪಷ್ಟ ಆಗುವುದು ಎಂದೇ ಅರ್ಥ. ದಿನದ ‘ಗೊತ್ತು’ ಎಂಬುದಕ್ಕೆ ಮಾತ್ರ ತಮಿಳರು ‘ತೆರಿಯುಂ’ ಎನ್ನುತ್ತಾರೆ, ಅದು ಬೇರೆ ಬೇರು. ಮಲಯಾಳಿಗಳು ‘ಅರಿಯಾಂ’ ಎನ್ನುತ್ತಾರೆ, ಅದು ನಮ್ಮ ‘ಅರಿ’. ತೆಲುಗಿನವರದು ‘ತೆಲುಸು’, ಅದು ನಮ್ಮ ‘ತಿಳಿ’.

ಈ ಹತ್ತಿರದ ನಂಟೇ ತೆಲುಗಿನವರಿಗೆ ಗುಂಡಿ ತೋಡುತ್ತದೆ. ಅವರ ‘ನಾಕು ತೆಲುಸು’ ಅಂದರೆ ‘ನನಗೆ ಗೊತ್ತು’. ಅದನ್ನೇ ಕನ್ನಡಕ್ಕೆ ತಂದು ‘ನನಗೆ ತಿಳಿಸು’ ಎನ್ನುತ್ತಾರೆ. ನನ್ನ ಪಾಠಕ್ಕೆ ಬರುವ ಕಡಪದ ಹುಡುಗಿ, ಬಾಡಿಗೆ ಯಾವಾಗ ಕೊಡಬೇಕು ಗೊತ್ತಲ್ಲ ಎಂದು ಮನೆ ಒಡತಿ ಕೇಳಿದಾಗ, ಪ್ರತಿ ತಿಂಗಳೂ “ನನಗೆ ತಿಳಿಸು” ಎನ್ನುತ್ತಿದ್ದಳಂತೆ. ಗೊತ್ತಿದೆ ಎಂಬುದು ಅವಳ ಲೆಕ್ಕ. ಹೇಳಿದ್ದನ್ನೇ ಮತ್ತೆ ಹೇಳಿಸುತ್ತಾಳೆ, ಅದೂ ಏಕವಚನದಲ್ಲಿ ಎಂಬುದು ಒಡತಿಯ ಲೆಕ್ಕ. ನಾಲ್ಕು ತಿಂಗಳು ಹೀಗೆ ನಡೆದಿದೆ.

ತಲೆಗೆ ಹೊಳೆಯೋದು, ತೋಚೋದು, ತಿಳಿಯೋದು ಇವುಗಳಲ್ಲಿ ಯಾವುದು ಮೊದಲು?

ಹೊಳೆಯುವುದು ಒಂದು ಕ್ಷಣದ್ದು, ಮಿಂಚಿನ ಹಾಗೆ. ತೋಚುವುದು ಇಕ್ಕಟ್ಟಿನಲ್ಲಿ, ಅದೂ ಸಾಮಾನ್ಯವಾಗಿ ‘ಏನೂ ತೋಚಲಿಲ್ಲ’ ಎಂದೇ. ತಿಳಿಯುವುದಕ್ಕೆ ಹೊತ್ತು ಬೇಕು.

ಈಗಿನ ಹುಡುಗರು ‘ತಿಳಿ’ ಅನ್ನೋದೇ ಇಲ್ಲ. ಪದ ಸಾಯ್ತಾ ಇದೆಯಾ?

‘ತಿಳಿಯಿತು’ ಎಂಬ ಒಂಟಿ ರೂಪ ಮೈಸೂರಿನ ಮಾತಿನಲ್ಲಿ ಕಮ್ಮಿಯಾಗಿದೆ, ನಿಜ. ಆದರೆ ‘ತಿಳ್ಕೊ’ಗೆ ಏನೂ ಆಗಿಲ್ಲ. ಕಳೆದ ವಾರ ದೇವರಾಜ ಅರಸು ರಸ್ತೆಯ ಹತ್ತಿರ ಆಟೊ ಹತ್ತಿ, ಒಬ್ಬರ ಮನೆ ವಿಳಾಸ ಹೇಳಿದೆ. ಚಾಲಕನಿಗೆ ಇಪ್ಪತ್ತು ವರ್ಷ ಇರಬಹುದು. ಫೋನಿನ ಮ್ಯಾಪು ಎರಡು ಸಲ ನಮ್ಮನ್ನು ಒಂದೇ ಮೋರಿಯ ಹತ್ತಿರ ತಂದು ನಿಲ್ಲಿಸಿತು. ಹುಡುಗ ಫೋನನ್ನು ಜೇಬಿಗೆ ಹಾಕಿ, ಗಾಡಿ ಆರಿಸಿ, “ಇರಿ ಸಾರ್, ಆ ಹೂವಿನಮ್ಮನ್ನ ಕೇಳಿ ತಿಳ್ಕೊಂಡ್ ಬರ್ತೀನಿ” ಎಂದು ಇಳಿದು ಹೋದ.